ಹೆಲ್ಸಿಂಕಿಯ ಹೊರಗೊಂದು ಹಳ್ಳಿ ಬೆಳೆದ ಬಗೆ

ದೊಡ್ಡ ನಗರದ ಸುತ್ತಲಿನ ಹಳ್ಳಿಗಳು ತಾವಾಗಿಯೇ ಬೆಳೆಯುತ್ತವೆ ಎಂದು ಮಾತಿಗೆ ಹೇಳುವುದುಂಟು. ಫಿನ್ಲೆಂಡಿನಲ್ಲಿ ಹಾಗೆ ತಾನಾಗಿ ಬೆಳೆದ ಹಳ್ಳಿ ಸಿಗುವುದು ಕಷ್ಟ. ಅಲ್ಲಿ ಒಂದು ಹೊಲ ಬಡಾವಣೆಯಾಗುವ ಹೊತ್ತಿಗೆ ಅದನ್ನು ಯಾರೋ ಕೊಂಡಿರುತ್ತಾರೆ, ಯಾರೋ ನಕ್ಷೆ ಬರೆದಿರುತ್ತಾರೆ, ಆ ನಕ್ಷೆಗೆ ಇನ್ಯಾರೋ ತಕರಾರು ಸಲ್ಲಿಸಿರುತ್ತಾರೆ. ನೆಲದಡಿ ಕೊಳವೆ ಹಾದುಹೋಗಿರುತ್ತದೆ. ಮುಂದೆ ಎಷ್ಟು ಮಕ್ಕಳು ಶಾಲೆಗೆ ಬಂದಾರು ಎಂಬ ಲೆಕ್ಕವೂ ಆಗಿರುತ್ತದೆ. ಗೋಡೆ ಏಳುವುದು ಇಷ್ಟೆಲ್ಲ ಮುಗಿದ ಮೇಲೆ.

ಈ ಕೆಲಸಗಳ ಸಾಲನ್ನು ಒಂದು ಊರನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ. ಊರು ಕ್ಲೌಕ್ಕಲಾ, ಹೆಲ್ಸಿಂಕಿಯಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರ. ದುಡಿಮೆ ನಗರದಲ್ಲಿ, ಮನೆ ಹಳ್ಳಿಯಲ್ಲಿ ಎಂದು ಬದುಕುವ ಸಾವಿರಾರು ಸಂಸಾರಗಳು ಇಲ್ಲಿವೆ. ಇಂಥ ಊರಿಗೆ ಯಾವುದು ಮೊದಲು ಬಂತು, ಯಾವುದು ತಡವಾಗಿ ಬಂತು, ಯಾವುದು ಇನ್ನೂ ಬಂದಿಲ್ಲ ಎಂಬುದನ್ನು ಗಮನಿಸಿದರೆ ಅದರ ಬಾಳುವೆಯ ಗುಣ ಅರ್ಥವಾಗುತ್ತದೆ.

ಊರಿನ ಗುರುತು

ಕ್ಲೌಕ್ಕಲಾಗೆ ತನ್ನದೇ ಆದ ಆಡಳಿತವಿಲ್ಲ. ಅದು ನುರ್ಮಿಯಾರ್ವಿ ಪುರಸಭೆಯ ವ್ಯಾಪ್ತಿಗೆ ಸೇರಿದ ಊರು. ಸುಮಾರು 367 ಚದರ ಕಿಲೋಮೀಟರ್ ಹರಡಿರುವ ನುರ್ಮಿಯಾರ್ವಿಯಲ್ಲಿ ಮೂರು ದೊಡ್ಡ ಜನವಸತಿಗಳಿವೆ: ದಕ್ಷಿಣದಲ್ಲಿ ಹೆಲ್ಸಿಂಕಿಗೆ ಹತ್ತಿರವಾದ ಕ್ಲೌಕ್ಕಲಾ, ನಡುವೆ ಹಳೆಯ ಚರ್ಚು ಮತ್ತು ಆಡಳಿತ ಕಚೇರಿಗಳಿರುವ ಕಿರ್ಕೊಂಕ್ಯುಲ್ಯಾ, ಉತ್ತರದಲ್ಲಿ 1888ರಲ್ಲಿ ಶುರುವಾದ ಮದ್ಯದ ಕಾರ್ಖಾನೆಯ ಸುತ್ತ ಬೆಳೆದ ರಾಯಾಮ್ಯಾಕಿ. ಇವುಗಳ ನಡುವೆ ಹೊಲ, ಕಾಡು ಮತ್ತು ಲೆಪ್ಸಾಮಾ, ಪೆರ್ಟ್ಟುಲಾ, ನುಕಾರಿ, ಪಾಲೊಯೊಕಿಯಂಥ ಸಣ್ಣ ಹಳ್ಳಿಗಳು. ಫಿನ್ನಿಷ್ ಸಾಹಿತ್ಯಕ್ಕೆ ‘ಏಳು ಸಹೋದರರು’ ಕಾದಂಬರಿ ಕೊಟ್ಟ ಅಲೆಕ್ಸಿಸ್ ಕಿವಿ 1834ರಲ್ಲಿ ಹುಟ್ಟಿದ್ದು ಇದೇ ಪಾಲೊಯೊಕಿಯಲ್ಲಿ.

2000ರ ಸುಮಾರಿಗೆ ನುರ್ಮಿಯಾರ್ವಿಯ ಜನಸಂಖ್ಯೆ 33,000ದ ಆಸುಪಾಸಿನಲ್ಲಿತ್ತು. ಹತ್ತು ವರ್ಷದಲ್ಲಿ ಅದು 40,000ದ ಹತ್ತಿರ ಬಂತು, 2020ರ ಹೊತ್ತಿಗೆ 43,000 ದಾಟಿತು. ಇಷ್ಟು ಜನರಿದ್ದರೂ ಅದು ತನ್ನನ್ನು ನಗರ ಎಂದು ಘೋಷಿಸಿಕೊಂಡಿಲ್ಲ. ಹಾಗೆ ಘೋಷಿಸಿಕೊಳ್ಳದ ಫಿನ್ನಿಷ್ ಪುರಸಭೆಗಳಲ್ಲಿ ಅತಿ ಹೆಚ್ಚು ಜನರಿರುವುದು ಇಲ್ಲಿಯೇ. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೆಳಗಾದರೆ ಪುರಸಭೆಯ ಗಡಿ ದಾಟಿ ಹೆಲ್ಸಿಂಕಿ, ವಾಂತಾ, ಎಸ್ಪೊಗಳ ಕಡೆಗೆ ಹೋಗುತ್ತಾರೆ.

ಊರಿನ ಭವಿಷ್ಯವನ್ನು ನಿರ್ಧರಿಸಿದ ಒಂದು ಸಂಗತಿ 19ನೇ ಶತಮಾನಕ್ಕೆ ಸೇರಿದ್ದು. ಫಿನ್ಲೆಂಡಿನ ಮೊದಲ ರೈಲು ಮಾರ್ಗ 1862ರಲ್ಲಿ ಹೆಲ್ಸಿಂಕಿಯಿಂದ ಹ್ಯಾಮೆನ್ಲಿನ್ನಾಗೆ ತೆರೆದುಕೊಂಡಿತು. ಅದು ನುರ್ಮಿಯಾರ್ವಿಯ ಪೂರ್ವಕ್ಕೆ ಹಾದುಹೋಯಿತು. ಹಳಿಯ ಮೇಲಿದ್ದ ಕೆರವಾ, ಯಾರ್ವೆನ್‌ಪ್ಯಾ, ಹ್ಯುವಿಂಕ್ಯಾ ನಿಲ್ದಾಣದ ಸುತ್ತ ಕಟ್ಟಿಕೊಂಡ ಪಟ್ಟಣಗಳಾದವು. ಕ್ಲೌಕ್ಕಲಾ ಹೊಲಗದ್ದೆಯ ಹಳ್ಳಿಯಾಗಿ ಉಳಿಯಿತು. ಮುಂದೆ ಅದು ಬೆಳೆದಾಗ ರಸ್ತೆಯನ್ನೇ ನಂಬಿ ಬೆಳೆಯಬೇಕಾಯಿತು.

ಜನ ಬಂದದ್ದು ಮೂರು ಅಲೆಗಳಲ್ಲಿ

ಮೊದಲ ಅಲೆ ಯುದ್ಧದ ನಂತರದ್ದು. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಕರೇಲಿಯಾ ಪ್ರಾಂತ್ಯದ ದೊಡ್ಡ ಭಾಗವನ್ನು ಬಿಟ್ಟುಕೊಡಬೇಕಾಯಿತು. ನಾಲ್ಕು ಲಕ್ಷಕ್ಕೂ ಮಿಕ್ಕಿ ಜನ ಮನೆಮಠ ಬಿಟ್ಟು ಬಂದರು. 1945ರ ಭೂಸ್ವಾಧೀನ ಕಾನೂನಿನ ಪ್ರಕಾರ ದೇಶದ ಉದ್ದಗಲಕ್ಕೂ ದೊಡ್ಡ ಹಿಡುವಳಿಗಳಿಂದ ಜಮೀನು ಬಿಡಿಸಿ ನಿರಾಶ್ರಿತರಿಗೆ ಮತ್ತು ಯುದ್ಧದಿಂದ ಮರಳಿದ ಸೈನಿಕರಿಗೆ ಹಂಚಲಾಯಿತು. ಕೆಳಗೊಂದು ಅಂತಸ್ತು, ಮೇಲೆ ಇಳಿಜಾರು ಮಾಡಿನಡಿ ಅರ್ಧ ಅಂತಸ್ತು ಇರುವ ಸರಳ ಮರದ ಮನೆಗಳು ಎಲ್ಲೆಡೆ ಎದ್ದವು. ಸ್ವಂತ ತೋಟದ ನಡುವೆ ಸ್ವಂತ ಮನೆ ಎಂಬ ಆಸೆ ಆ ತಲೆಮಾರಿನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು.

ಎರಡನೆಯದು 1960 ಮತ್ತು 70ರ ದಶಕಗಳದ್ದು. ಯಂತ್ರಗಳು ಬಂದಂತೆ ಹೊಲ, ಕಾಡುಗಳ ಕೆಲಸ ಕಡಿಮೆಯಾಗಿ ಜನ ದಕ್ಷಿಣದ ನಗರಗಳಿಗೆ, ನೆರೆಯ ಸ್ವೀಡನ್ನಿಗೆ ಗುಳೆ ಹೋದರು. ಹೆಲ್ಸಿಂಕಿಯ ಅಂಚಿನಲ್ಲಿ ಕಾಡಿನ ನಡುವೆ ಕಾಂಕ್ರೀಟ್ ಫ್ಲ್ಯಾಟುಗಳ ಬಡಾವಣೆಗಳು ಸಾಲುಸಾಲಾಗಿ ಬಂದವು. ಅಲ್ಲಿ ಬಿಸಿನೀರಿತ್ತು, ಬಸ್ಸಿತ್ತು, ಅಂಗಳವಿರಲಿಲ್ಲ. ಕಾರು ಮಧ್ಯಮ ವರ್ಗದ ಕೈಗೆಟುಕುತ್ತಿದ್ದಂತೆ, ಹಳ್ಳಿಯಲ್ಲಿ ಹುಟ್ಟಿ ಫ್ಲ್ಯಾಟಿನಲ್ಲಿ ಬಾಳಿದವರು ಸುತ್ತಲ ಊರುಗಳಲ್ಲಿ ನಿವೇಶನ ಹುಡುಕತೊಡಗಿದರು.

ಎಲ್ಲಕ್ಕಿಂತ ದೊಡ್ಡದು ಮೂರನೆಯ ಅಲೆ. 1990ರ ದಶಕದ ಆರಂಭದಲ್ಲಿ ಫಿನ್ಲೆಂಡ್ ಕಡು ಆರ್ಥಿಕ ಕುಸಿತಕ್ಕೆ ಸಿಕ್ಕಿತ್ತು. ದಶಕದ ಕೊನೆಗೆ ಎಲೆಕ್ಟ್ರಾನಿಕ್ಸ್ ಮತ್ತು ಮೊಬೈಲ್ ಉದ್ಯಮ ಚಿಗುರಿತು, ರಾಜಧಾನಿ ಪ್ರದೇಶದಲ್ಲಿ ಕೆಲಸ ಹೆಚ್ಚಿತು. ಯೂರೋ ಬಂದ ಹೊತ್ತಿಗೆ ಗೃಹಸಾಲದ ಬಡ್ಡಿ ಇಳಿದಿತ್ತು. ಹೆಲ್ಸಿಂಕಿಯಲ್ಲಿ ಮನೆಯ ಬೆಲೆ ಮಾತ್ರ ಏರುತ್ತಲೇ ಹೋಯಿತು. ಎರಡನೇ ಮಗು ಹುಟ್ಟಿ ಇನ್ನೊಂದು ಕೋಣೆ ಬೇಕೆನಿಸಿದಾಗ, ನಗರದ ಮೂರು ಕೋಣೆಯ ಫ್ಲ್ಯಾಟಿನ ಬೆಲೆಯಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ಅಂಗಳವಿರುವ ಮನೆ ಸಿಗುವಂತಾಯಿತು. ಯುವ ದಂಪತಿಗಳು ಹಿಂಡುಹಿಂಡಾಗಿ ಹೊರಟರು.

2003ರಿಂದ 2010ರವರೆಗೆ ಪ್ರಧಾನಿಯಾಗಿದ್ದ ಮಟ್ಟಿ ವನ್ಹನೆನ್ ಸ್ವತಃ ನುರ್ಮಿಯಾರ್ವಿಯ ನಿವಾಸಿ. ಕಡಿಮೆ ಎತ್ತರದ, ಪ್ರಕೃತಿಗೆ ಹತ್ತಿರವಾದ ಮನೆಗಳ ಪರವಾಗಿ ಅವರು ಬಹಿರಂಗವಾಗಿ ಮಾತನಾಡಿದರು. ಆ ವರ್ಷಗಳಲ್ಲಿ ಈ ವಲಸೆಗೆ ‘ನುರ್ಮಿಯಾರ್ವಿ ವಿದ್ಯಮಾನ’ ಎಂಬ ಹೆಸರು ಇಡೀ ದೇಶದಲ್ಲಿ ಚಾಲ್ತಿಗೆ ಬಂತು. ತಾಂಪೆರೆಯ ಪಕ್ಕದ ಲೆಂಪಾಲಾ, ಪಿರ್ಕ್ಕಲಾಗಳಲ್ಲಿ, ಔಲು ನಗರದ ಪಕ್ಕದ ಕೆಂಪೆಲೆಯಲ್ಲಿ ನಡೆದದ್ದೂ ಇದೇ. ನಗರ ಯೋಜಕರು ಅದನ್ನು ಆತಂಕದಿಂದ ಕಂಡರು, ಸುತ್ತಲ ಪುರಸಭೆಗಳು ಬಾಗಿಲು ತೆರೆದು ಸ್ವಾಗತಿಸಿದವು. ಎರಡಕ್ಕೂ ಕಾರಣಗಳಿದ್ದವು.

ಹೊಲ ನಿವೇಶನವಾಗುವುದು ಹೇಗೆ?

ಫಿನ್ಲೆಂಡಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂದು ತೀರ್ಮಾನಿಸುವ ಅಧಿಕಾರ ಬಹುಮಟ್ಟಿಗೆ ಪುರಸಭೆಯ ಕೈಯಲ್ಲಿದೆ. ಯೋಜನೆ ಮೂರು ಮಟ್ಟಗಳಲ್ಲಿ ಇಳಿದುಬರುತ್ತದೆ. ಮೇಲಿನದು ಇಡೀ ಪ್ರಾಂತ್ಯದ ಯೋಜನೆ: ದೊಡ್ಡ ರಸ್ತೆ, ರೈಲು, ಕಾಯ್ದಿಟ್ಟ ಕಾಡು, ಜನವಸತಿ ಹರಡಬಹುದಾದ ದಿಕ್ಕು. ಅದರ ಕೆಳಗೆ ಪುರಸಭೆಯ ಮಹಾಯೋಜನೆ: ಯಾವ ಭಾಗದಲ್ಲಿ ಮನೆ, ಎಲ್ಲಿ ಕೈಗಾರಿಕೆ, ಎಲ್ಲಿ ಹೊಲ. ಕೊನೆಯದು ವಿವರ ಯೋಜನೆ. ಒಂದೊಂದು ನಿವೇಶನದ ಗಡಿ, ಅದರಲ್ಲಿ ಕಟ್ಟಬಹುದಾದ ವಿಸ್ತೀರ್ಣ, ಅಂತಸ್ತು, ಕೆಲವೊಮ್ಮೆ ಮಾಡಿನ ಇಳಿಜಾರು ಮತ್ತು ಗೋಡೆಯ ಬಣ್ಣವೂ ಇದರಲ್ಲಿರುತ್ತದೆ. ಸಾವಿರ ಚದರ ಮೀಟರಿನ ನಿವೇಶನಕ್ಕೆ 0.20 ಎಂಬ ಅಂಕಿ ಬರೆದಿದ್ದರೆ ಅಲ್ಲಿ ಕಟ್ಟಬಹುದಾದದ್ದು ಇನ್ನೂರು ಚದರ ಮೀಟರ್.

ಜಾಣ ಪುರಸಭೆ ಯೋಜನೆ ಬರೆಯುವ ಮೊದಲೇ ಜಮೀನು ಕೊಳ್ಳುತ್ತದೆ. ಹೊಲದ ಬೆಲೆಗೆ ಕೊಂಡ ನೆಲ, ಯೋಜನೆ ಮಂಜೂರಾದ ಮೇಲೆ ನಿವೇಶನದ ಬೆಲೆಗೆ ಏರುತ್ತದೆ. ಆ ಏರಿಕೆಯ ಹಣದಲ್ಲಿ ರಸ್ತೆ, ದೀಪ, ಆಟದ ಮೈದಾನ, ಶಿಶುವಿಹಾರಗಳನ್ನು ಕಟ್ಟಬಹುದು. ದೊಡ್ಡ ಜಮೀನು ಮಾರಾಟಕ್ಕೆ ಬಂದಾಗ ಅದನ್ನು ಮೊದಲು ತಾನೇ ಕೊಳ್ಳುವ ಹಕ್ಕನ್ನು ಕಾನೂನು ಪುರಸಭೆಗೆ ಕೊಟ್ಟಿದೆ. ಜಮೀನು ಖಾಸಗಿಯವರ ಕೈಯಲ್ಲೇ ಉಳಿದರೆ ಪುರಸಭೆ ಒಡೆಯರೊಡನೆ ಒಪ್ಪಂದ ಮಾಡಿಕೊಂಡು ಮೂಲಸೌಕರ್ಯದ ಖರ್ಚಿನ ಪಾಲನ್ನು ಅವರಿಂದ ಪಡೆಯುತ್ತದೆ. ಬೆಲೆ ಏರಿದ್ದು ಸಾರ್ವಜನಿಕ ತೀರ್ಮಾನದಿಂದಾದರೆ ಆ ಲಾಭದಲ್ಲಿ ಸಾರ್ವಜನಿಕರಿಗೂ ಪಾಲಿರಬೇಕು ಎಂಬುದು ಇದರ ಹಿಂದಿನ ನ್ಯಾಯ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ ಇದೇ.

ವಿವರ ಯೋಜನೆ ಮಂಜೂರಾಗುವ ದಾರಿ ನಿಧಾನ. ಕೆಲಸ ಶುರುವಾಗುತ್ತಿದ್ದಂತೆ ಪುರಸಭೆ ಅದನ್ನು ಪ್ರಕಟಿಸಿ, ಯಾರು ಯಾವಾಗ ಅಭಿಪ್ರಾಯ ಹೇಳಬಹುದು ಎಂದು ತಿಳಿಸಬೇಕು. ಕರಡನ್ನು ಜನರ ಮುಂದಿಡಬೇಕು. ಅಂತಿಮ ಪ್ರಸ್ತಾವವನ್ನು ಸಾಮಾನ್ಯವಾಗಿ 30 ದಿನ ಸಾರ್ವಜನಿಕ ವೀಕ್ಷಣೆಗೆ ಇಡಬೇಕು. ಆ ಅವಧಿಯಲ್ಲಿ ಊರವರು ಲಿಖಿತ ಆಕ್ಷೇಪ ಸಲ್ಲಿಸಬಹುದು. ಚುನಾಯಿತ ಸದಸ್ಯರ ಸಭೆ ಒಪ್ಪಿಗೆ ಕೊಟ್ಟ ಮೇಲೂ ಆಡಳಿತ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಹಾರುವ ಅಳಿಲು ಗೂಡು ಮಾಡಿದ ಮರಗಳು ಜಾಗದಲ್ಲಿದ್ದರೆ ನಕ್ಷೆಯೇ ಬದಲಾಗಬೇಕು. ಯುರೋಪಿಯನ್ ಒಕ್ಕೂಟದ ಕಾನೂನಿನ ಪ್ರಕಾರ ಆ ಪ್ರಾಣಿ ಮರಿಮಾಡುವ ಮತ್ತು ತಂಗುವ ತಾಣವನ್ನು ಹಾಳುಮಾಡುವಂತಿಲ್ಲ. ಹೀಗಾಗಿ ಯೋಜನೆ ಕೈಗೆತ್ತಿಕೊಂಡ ದಿನದಿಂದ ಮೊದಲ ಮನೆಗೆ ಬೀಗದ ಕೈ ಕೊಡುವತನಕ ಹಲವು ವರ್ಷ ಹಿಡಿಯುವುದು ಸಹಜ.

ಯೋಜನೆಯಿಲ್ಲದ ಹೊಲ, ಕಾಡಿನಲ್ಲಿ ಮನೆ ಕಟ್ಟುವವರೂ ಇದ್ದಾರೆ. ನಗರದ ಹತ್ತಿರದ ಇಂಥ ಪ್ರದೇಶಗಳಲ್ಲಿ ಸಾಮಾನ್ಯ ಪರವಾನಗಿ ಸಾಲದು. ಅಲ್ಲಿ ಮನೆ ಬಂದರೆ ಮುಂದಿನ ಯೋಜನೆಗೆ ಅಡ್ಡಿಯಾಗುವುದಿಲ್ಲ ಎಂಬುದನ್ನು ಪುರಸಭೆ ಮೊದಲು ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಈ ಬಿಗಿಗೆ ಕಾರಣ ಹಣದ ಲೆಕ್ಕ. ಚದುರಿದ ಹತ್ತು ಮನೆಗೆ ಕೊಡುವ ಸೇವೆಗೆ ಒತ್ತಾಗಿರುವ ನೂರು ಮನೆಯ ಸೇವೆಗಿಂತ ತಲಾ ಖರ್ಚು ಬಹಳ ಹೆಚ್ಚು.

ನೆಲದೊಳಗಿನ ಕೆಲಸ

ದಕ್ಷಿಣ ಫಿನ್ಲೆಂಡಿನ ಹೊಲಗಳ ಅಡಿಯಲ್ಲಿ ಬಹಳ ಕಡೆ ದಪ್ಪ ಜೇಡಿಮಣ್ಣಿದೆ. ಅದು ಬೆಳೆಗೆ ಒಳ್ಳೆಯದು, ಭಾರ ಹೊರಲು ಅಲ್ಲ. ಮಣ್ಣಿನ ಪರೀಕ್ಷೆ ಮಾಡಿಸದೆ ಯಾರೂ ಪಾಯ ತೋಡುವುದಿಲ್ಲ. ಜೇಡಿ ಆಳವಿದ್ದರೆ ಕೆಳಗಿನ ಗಟ್ಟಿ ಪದರದವರೆಗೆ ಪೈಲಿಂಗ್ ಹೊಡೆದು ಅದರ ಮೇಲೆ ಮನೆ ಕೂರಿಸಬೇಕು. ಬಂಡೆ ಅಥವಾ ಗರಸುಮಣ್ಣಿನ ಜಾಗ ಸಿಕ್ಕಿದರೆ ಆ ಖರ್ಚು ಉಳಿಯುತ್ತದೆ. ಆದರೆ ಗರಸು ದಿಬ್ಬಗಳು ಒಳ್ಳೆಯ ಅಂತರ್ಜಲದ ಸೆಲೆಗಳೂ ಹೌದು. ಕುಡಿಯುವ ನೀರು ಅಲ್ಲಿಂದಲೇ ಬರುವುದರಿಂದ ಅವುಗಳ ಮೇಲೆ ಏನು ಕಟ್ಟಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಮಿತಿಗಳಿವೆ.

ಇನ್ನೊಂದು ಸವಾಲು ಹಿಮಗಾಲ. ಮಣ್ಣಿನೊಳಗಿನ ತೇವ ಹೆಪ್ಪುಗಟ್ಟಿದರೆ ನೆಲ ಉಬ್ಬುತ್ತದೆ, ಪಾಯವನ್ನೇ ಎತ್ತುತ್ತದೆ. ನೀರಿನ ಕೊಳವೆಯನ್ನು ಹಿಮ ತಾಕದ ಆಳದಲ್ಲಿ ಹೂಳಬೇಕು, ಇಲ್ಲವೇ ನಿರೋಧಕ ಹಲಗೆ ಹೊದಿಸಬೇಕು. ಬಂಡೆಯಿಂದ ಮೇಲೇಳುವ ರೇಡಾನ್ ಅನಿಲ ಮನೆಯೊಳಗೆ ನುಸುಳದಂತೆ ನೆಲಹಾಸಿನ ಸಂದುಗಳನ್ನು ಮುಚ್ಚಿ, ಅಡಿಯಲ್ಲಿ ಗಾಳಿಯ ಕೊಳವೆ ಇಡಬೇಕು. ಹೊಸ ಮನೆಗಳಲ್ಲಿ ಹಲವು ನೆಲದ ಶಾಖದಿಂದ ಬೆಚ್ಚಗಿರುತ್ತವೆ. ಅಂಗಳದಲ್ಲಿ ಇನ್ನೂರು ಮೀಟರಿನ ಆಸುಪಾಸು ಆಳದ ರಂಧ್ರ ಕೊರೆದು, ಕೊಳವೆಯಲ್ಲಿ ದ್ರವ ಹರಿಸಿ, ಅದು ತಂದ ಶಾಖವನ್ನು ಪಂಪಿನ ಮೂಲಕ ಮನೆಗೆ ತುಂಬುವ ವಿಧಾನ ಅದು.

ಮನೆಗಳು ಬಹುಪಾಲು ಮರದವು. ಗೋಡೆಯ ಭಾಗಗಳು ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತವೆ. ಪಾಯ ಸಿದ್ಧವಿದ್ದರೆ ಕೆಲವೇ ದಿನಗಳಲ್ಲಿ ಗೋಡೆ ನಿಲ್ಲಿಸಿ ಮಾಡು ಹೊದಿಸಬಹುದು. ಒಳಗಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಖರ್ಚು ಉಳಿಸಲು ಬಣ್ಣ, ನೆಲಹಾಸು, ಅಂಗಳದ ಕೆಲಸವನ್ನು ಮನೆಯವರೇ ಮಾಡಿಕೊಳ್ಳುವುದು, ನೆಂಟರಿಷ್ಟರು ವಾರಾಂತ್ಯಕ್ಕೆ ಬಂದು ಕೈಜೋಡಿಸುವುದು ಅಲ್ಲಿನ ಹಳೆಯ ರೂಢಿ. ಆದರೂ ಹೊಣೆ ಹೊತ್ತ ಅರ್ಹ ಮೇಸ್ತ್ರಿಯೊಬ್ಬರನ್ನು ನೇಮಿಸುವುದು ಕಡ್ಡಾಯ. ಹಂತಹಂತದ ತಪಾಸಣೆ ಆಗದೆ ಮನೆಯಲ್ಲಿ ವಾಸಕ್ಕೆ ಅನುಮತಿ ಸಿಗುವುದಿಲ್ಲ.

ಒಳಚರಂಡಿ ಜಾಲದ ಹೊರಗಿರುವ ಮನೆಗಳದು ಬೇರೆ ಕಥೆ. ಅವರು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧಗೊಳಿಸಬೇಕು. ಹಳೆಯ ಮನೆಗಳು ಕೆರೆ, ಹೊಳೆಯ ಹತ್ತಿರ ಅಥವಾ ಅಂತರ್ಜಲ ಪ್ರದೇಶದಲ್ಲಿದ್ದರೆ ವ್ಯವಸ್ಥೆಯನ್ನು ಸುಧಾರಿಸಿಕೊಳ್ಳಲು ಕಾನೂನು ಕೊಟ್ಟಿದ್ದ ಗಡುವು 2019ರ ಅಕ್ಟೋಬರಿಗೆ ಮುಗಿಯಿತು. ಖಾಸಗಿ ರಸ್ತೆಯಾದರೆ ಅದರ ಜಲ್ಲಿ, ಚಳಿಗಾಲದ ಹಿಮ ತೆಗೆಯುವ ಖರ್ಚು ರಸ್ತೆಯ ಬಳಕೆದಾರರ ಸಂಘದ ಮೇಲೆ.

ತೆರಿಗೆಯ ಲೆಕ್ಕ, ಶಾಲೆಯ ಲೆಕ್ಕ

ಪುರಸಭೆಗಳು ಯುವ ಸಂಸಾರಗಳನ್ನು ಕೈಬೀಸಿ ಕರೆದದ್ದೇಕೆ? ಫಿನ್ಲೆಂಡಿನಲ್ಲಿ ಆದಾಯ ತೆರಿಗೆಯ ಒಂದು ಭಾಗ ಸ್ಥಳೀಯ ಆಡಳಿತಕ್ಕೆ ಸೇರುತ್ತದೆ. ಅದು ಸಲ್ಲುವುದು ದುಡಿಯುವ ಊರಿಗಲ್ಲ, ವಾಸಿಸುವ ಊರಿಗೆ. ಹೆಲ್ಸಿಂಕಿಯ ಕಚೇರಿಯಲ್ಲಿ ಗಳಿಸಿದ ಸಂಬಳದ ಸ್ಥಳೀಯ ತೆರಿಗೆ ನುರ್ಮಿಯಾರ್ವಿಯ ಬೊಕ್ಕಸಕ್ಕೆ ಬರುತ್ತದೆ. ಮೂವತ್ತೈದರ ಹರೆಯದ, ಇಬ್ಬರೂ ದುಡಿಯುವ ದಂಪತಿ ಒಂದು ಊರಿಗೆ ಬಂದರೆ ಮುಂದಿನ ಮೂರು ದಶಕ ತೆರಿಗೆ ಬರುತ್ತದೆಂಬ ನಂಬಿಕೆ ಆ ಕರೆಯ ಹಿಂದಿತ್ತು.

ಆದರೆ ಆ ದಂಪತಿಯ ಜೊತೆ ಮಕ್ಕಳೂ ಬರುತ್ತಾರೆ. ಶಾಲೆಗೆ ಹೋಗದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಕೊಡುವುದು ಪುರಸಭೆಯ ಕರ್ತವ್ಯ. 1996ರಿಂದ ಈ ಹಕ್ಕು ಶಾಲಾ ವಯಸ್ಸಿಗಿಂತ ಕಿರಿಯರಾದ ಎಲ್ಲ ಮಕ್ಕಳಿಗೂ ಇದೆ. ಏಳನೇ ವಯಸ್ಸಿಗೆ ಶಾಲೆ. ಶಾಲೆಯ ದಾರಿ 5 ಕಿಲೋಮೀಟರಿಗಿಂತ ಉದ್ದವಾಗಿದ್ದರೆ ಮಗುವನ್ನು ಉಚಿತವಾಗಿ ಕರೆದೊಯ್ಯುವ ವ್ಯವಸ್ಥೆ ಆಗಬೇಕು. ಕಾಡಂಚಿನ ಒಂಟಿ ಮನೆಯ ಮಗುವಿಗೆ ಕೆಲವೊಮ್ಮೆ ಟ್ಯಾಕ್ಸಿಯೇ ಬರುತ್ತದೆ. ಅದರ ಬಾಡಿಗೆ ಎಲ್ಲರ ತೆರಿಗೆಯಿಂದ.

ಇದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಒಂದು ಬಡಾವಣೆಗೆ ಒಂದೇ ವಯಸ್ಸಿನ ನೂರಾರು ಕುಟುಂಬಗಳು ಎರಡು ಮೂರು ವರ್ಷದಲ್ಲಿ ಬಂದು ನೆಲೆಸುತ್ತವೆ. ಮೊದಲು ಶಿಶುವಿಹಾರ ತುಂಬುತ್ತದೆ, ಆಮೇಲೆ ಕೆಳಗಿನ ತರಗತಿಗಳು, ಆಮೇಲೆ ಮೇಲಿನವು. ಹದಿನೈದು ಇಪ್ಪತ್ತು ವರ್ಷದ ನಂತರ ಮಕ್ಕಳು ಓದಿಗಾಗಿ ನಗರಕ್ಕೆ ಹೋಗುತ್ತಾರೆ. ತಂದೆತಾಯಿ ದೊಡ್ಡ ಮನೆಯಲ್ಲಿ ಉಳಿಯುತ್ತಾರೆ, ತರಗತಿಗಳು ಖಾಲಿಯಾಗುತ್ತವೆ. ಅದೇ ಹೊತ್ತಿಗೆ ಪುರಸಭೆಯ ಮತ್ತೊಂದು ಮೂಲೆಯ ಹೊಸ ಬಡಾವಣೆಯಲ್ಲಿ ಶಾಲೆ ಸಾಲದೆ ಬರುತ್ತದೆ. ಒಂದೇ ಸಲ ದೊಡ್ಡ ಬಡಾವಣೆ ತೆರೆಯುವ ಬದಲು ವರ್ಷವರ್ಷವೂ ಸ್ವಲ್ಪಸ್ವಲ್ಪ ನಿವೇಶನ ಕೊಡುವುದು, ಒಂಟಿ ಮನೆಗಳ ನಡುವೆ ಸಾಲುಮನೆ ಮತ್ತು ಫ್ಲ್ಯಾಟುಗಳನ್ನೂ ಬೆರೆಸುವುದು ಇದಕ್ಕಿರುವ ಮದ್ದು. ಒಂದೇ ಊರಿನಲ್ಲಿ ಇಪ್ಪತ್ತರವರಿಗೂ ಎಪ್ಪತ್ತರವರಿಗೂ ತಕ್ಕ ಮನೆ ಸಿಗುವಂತಿದ್ದರೆ ಈ ಏರಿಳಿತ ತಗ್ಗುತ್ತದೆ.

2023ರಲ್ಲಿ ಲೆಕ್ಕದ ಚೌಕಟ್ಟೇ ಬದಲಾಯಿತು. ಆಸ್ಪತ್ರೆ, ವೃದ್ಧರ ಆರೈಕೆ, ಸಮಾಜಸೇವೆ, ಅಗ್ನಿಶಾಮಕ ಸೇವೆಗಳು ಪುರಸಭೆಗಳ ಕೈಬಿಟ್ಟು ಹೊಸದಾಗಿ ರಚಿಸಿದ ಕ್ಷೇಮಸೇವಾ ಪ್ರದೇಶಗಳಿಗೆ ಹೋದವು. ಅವುಗಳ ಖರ್ಚನ್ನು ಕೇಂದ್ರ ಸರ್ಕಾರ ಭರಿಸುವುದರಿಂದ ಎಲ್ಲ ಪುರಸಭೆಗಳ ಆದಾಯ ತೆರಿಗೆ ದರವನ್ನೂ ಸಮವಾಗಿ 12.64 ಶೇಕಡಾಂಶ ಇಳಿಸಲಾಯಿತು. ಪುರಸಭೆಯ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಶಿಶುವಿಹಾರ, ಶಾಲೆ, ಗ್ರಂಥಾಲಯ, ಯೋಜನೆ, ರಸ್ತೆ. ಮಕ್ಕಳು ಹೆಚ್ಚಿರುವ ಊರಿನ ಆಯವ್ಯಯದಲ್ಲಿ ಈಗ ಶಾಲೆಯ ಪಾಲು ಮೊದಲಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ರಸ್ತೆ ಇದೆ, ರೈಲು ಇಲ್ಲ

ಹೆಲ್ಸಿಂಕಿಯಿಂದ ತಾಂಪೆರೆಗೆ ಹೋಗುವ 3ನೇ ಹೆದ್ದಾರಿ ಕ್ಲೌಕ್ಕಲಾದ ಪೂರ್ವಕ್ಕೆ ಹಾದುಹೋಗುತ್ತದೆ. ಊರಿನ ಒಳರಸ್ತೆಯಿಂದ ಹೆದ್ದಾರಿ ಸೇರಿದರೆ, ದಾರಿ ಖಾಲಿಯಿದ್ದಾಗ ಅರ್ಧ ಗಂಟೆಯಲ್ಲಿ ರಾಜಧಾನಿಯ ಅಂಚು. ಬೆಳಗ್ಗೆ ಏಳೂವರೆಯ ಹೊತ್ತಿಗೆ ದಾರಿ ಖಾಲಿ ಇರುವುದಿಲ್ಲ. ಲೊಪ್ಪಿ ಕಡೆಯಿಂದ ಬರುವ 132ನೇ ರಸ್ತೆಯ ವಾಹನಗಳೆಲ್ಲ ವರ್ಷಗಳ ಕಾಲ ಊರಿನ ಮುಖ್ಯಬೀದಿಯಲ್ಲೇ ನುಗ್ಗುತ್ತಿದ್ದವು. 2021ರಲ್ಲಿ ಬೈಪಾಸ್ ತೆರೆದ ಮೇಲೆ ಆ ಒತ್ತಡ ಊರಿನ ಹೊರಗೆ ಸರಿಯಿತು.

ಕ್ಲೌಕ್ಕಲಾಗೆ ರೈಲು ತರುವ ವಿಚಾರ ಬಹುಕಾಲದಿಂದ ಚರ್ಚೆಯಲ್ಲಿದೆ. ದಕ್ಷಿಣದ ವಾಂತಾದಲ್ಲಿ ವಿಮಾನ ನಿಲ್ದಾಣವನ್ನು ಸುತ್ತುವ ವರ್ತುಲ ರೈಲು 2015ರಲ್ಲಿ ಶುರುವಾಯಿತು. ಆ ಮಾರ್ಗದ ಕಿವಿಸ್ತೊ ನಿಲ್ದಾಣದ ಸುತ್ತ ಹೊಸ ಪಟ್ಟಣವೇ ಎದ್ದಿತು. ಅಲ್ಲಿಂದ ಉತ್ತರಕ್ಕೆ ಕವಲು ತೆಗೆದರೆ ಕ್ಲೌಕ್ಕಲಾ ಹೆಚ್ಚು ದೂರವಿಲ್ಲ. ಆದರೆ ಹಳಿ ಹಾಕಬೇಕಾದರೆ ಕೇಂದ್ರ ಸರ್ಕಾರದ ಹಣ ಬೇಕು, ಹಣ ಸುರಿಯಬೇಕಾದರೆ ನಿಲ್ದಾಣದ ನಡಿಗೆಯ ದೂರದಲ್ಲಿ ಸಾಕಷ್ಟು ಜನ ಇರಬೇಕು. ಒಂಟಿ ಮನೆಗಳ ಊರಿನಲ್ಲಿ ಜನ ಚದುರಿರುತ್ತಾರೆ. ರೈಲಿಲ್ಲದ್ದರಿಂದ ಕಾರು ನಂಬಿದ ಮನೆಗಳು ಬಂದವು, ಆ ಮನೆಗಳಿಂದಾಗಿ ರೈಲಿನ ಲೆಕ್ಕ ಕೂಡಿಬರದಾಯಿತು. ಉತ್ತರದ ರಾಯಾಮ್ಯಾಕಿಯ ಮೇಲೆ 1873ರ ಹ್ಯುವಿಂಕ್ಯಾ–ಹಾಂಕೊ ರೈಲು ಮಾರ್ಗ ಇದೆ, ಪ್ರಯಾಣಿಕರ ರೈಲು ಮಾತ್ರ ಅಲ್ಲಿ ನಿಂತುಹೋಗಿದೆ.

ಹೀಗಾಗಿ ಬಸ್ಸೇ ಗತಿ. ರಾಜಧಾನಿ ಪ್ರದೇಶದಲ್ಲಿ ಬಸ್ಸು, ರೈಲು, ಮೆಟ್ರೋ, ಟ್ರಾಮುಗಳಿಗೆ ಒಂದೇ ಟಿಕೆಟ್ ಕೊಡುವ ಸಾರಿಗೆ ಸಂಸ್ಥೆಗೆ 2018ರಲ್ಲಿ ತೂಸುಲಾ ಮತ್ತು ಸಿಯುಂಟಿಯೊ ಸೇರಿಕೊಂಡು ಸದಸ್ಯರ ಸಂಖ್ಯೆ ಒಂಬತ್ತಾಯಿತು. ಆ ಒಂಬತ್ತರಲ್ಲಿ ನುರ್ಮಿಯಾರ್ವಿ ಇರಲಿಲ್ಲ. ಬಹಳ ಕುಟುಂಬಗಳು ಎರಡು ಕಾರು ಇಟ್ಟುಕೊಳ್ಳುತ್ತವೆ. ಕೆಲವರು ಕಾರನ್ನು ವರ್ತುಲ ಮಾರ್ಗದ ಕಿವಿಸ್ತೊ ಅಥವಾ ವೆಹ್ಕಲಾ ನಿಲ್ದಾಣದಲ್ಲಿ ಬಿಟ್ಟು ರೈಲು ಹತ್ತುತ್ತಾರೆ. ಮನೆಯಿಂದ ಕಚೇರಿಗೆ ಹೋಗಿಬರುವ ಖರ್ಚಿನಲ್ಲಿ ಒಂದು ಮಿತಿಯ ಮೇಲಿನದನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು, ವರ್ಷಕ್ಕೆ ಗರಿಷ್ಠ 7,000 ಯೂರೋ. ಆದರೆ ಲೆಕ್ಕ ಹಿಡಿಯುವುದು ಲಭ್ಯವಿರುವ ಅತಿ ಅಗ್ಗದ ಸಾರಿಗೆಯ ದರದಲ್ಲಿ.

ಮಲಗುವ ಊರು ಬದುಕುವ ಊರಾಗಲು

ಜನ ರಾತ್ರಿ ಮಲಗಲಷ್ಟೇ ಬರುವ ಊರಿನಲ್ಲಿ ಅಂಗಡಿ ಉಳಿಯುವುದಿಲ್ಲ, ಸಂಘಸಂಸ್ಥೆ ಬೆಳೆಯುವುದಿಲ್ಲ. ಕ್ಲೌಕ್ಕಲಾದಲ್ಲಿ ಕ್ರಮೇಣ ಒಂದು ಕೇಂದ್ರ ರೂಪುಗೊಂಡಿದೆ. ದಿನಸಿ ಮಳಿಗೆಗಳು, ಗ್ರಂಥಾಲಯ, ಶಾಲೆಗಳು, ಕ್ರೀಡಾಂಗಣ ಇವೆ. 2004ರಲ್ಲಿ ವಾಸ್ತುಶಿಲ್ಪಿ ಅನ್ಸಿ ಲಸ್ಸಿಲಾ ರೂಪಿಸಿದ ಹೊಸ ಚರ್ಚು ಬಂತು. ಮುಖ್ಯಬೀದಿಯ ಆಸುಪಾಸಿನಲ್ಲಿ ಬಹುಮಹಡಿ ಮನೆಗಳು ಏಳುತ್ತಿವೆ. ದೊಡ್ಡ ಮನೆ ನಿಭಾಯಿಸಲಾಗದ ಹಿರಿಯರು ಊರು ಬಿಡದೆ ಅಲ್ಲಿಗೆ ಬರಬಹುದು, ಅವರ ಮನೆ ಇನ್ನೊಂದು ಯುವ ಕುಟುಂಬಕ್ಕೆ ಸಿಗುತ್ತದೆ. ಕೇಂದ್ರ ಒತ್ತಾದಷ್ಟೂ ಬಸ್ಸು ಹೆಚ್ಚು ಸಲ ಓಡುತ್ತದೆ, ಮಕ್ಕಳು ನಡೆದೇ ಶಾಲೆಗೆ ಹೋಗುತ್ತಾರೆ. ಡಿಸೆಂಬರಿನಲ್ಲಿ ಆರು ಗಂಟೆಗೂ ಕಡಿಮೆ ಹಗಲಿರುವ ಈ ನಾಡಿನಲ್ಲಿ ದೀಪವಿರುವ ಕಾಲುದಾರಿ, ರಸ್ತೆಯಡಿಯ ಸುರಂಗಮಾರ್ಗಗಳಿಗೆ ಬೆಲೆ ಹೆಚ್ಚು.

ಬೆಳವಣಿಗೆಯ ವೇಗ ಈಗ ಮೊದಲಿನಂತಿಲ್ಲ. 2010ರಲ್ಲಿ ಫಿನ್ಲೆಂಡಿನಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.87 ಮಕ್ಕಳಿದ್ದ ಲೆಕ್ಕ 2024ಕ್ಕೆ 1.25ಕ್ಕೆ ಇಳಿದಿದೆ. ಮಕ್ಕಳಿಗಾಗಿ ಅಂಗಳ ಹುಡುಕುವ ಮನೆಗಳೇ ಕಡಿಮೆಯಾಗಿವೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ರೂಢಿಯಾದಾಗ ಇಂಥ ಊರುಗಳಿಗೆ ಮತ್ತೆ ಬೇಡಿಕೆ ಬಂತು. 2022ರಲ್ಲಿ ಬಡ್ಡಿ ಏರತೊಡಗಿತು. ಫಿನ್ಲೆಂಡಿನ ಗೃಹಸಾಲಗಳಲ್ಲಿ ಹೆಚ್ಚಿನವು ಯೂರೋ ದೇಶಗಳ ಬ್ಯಾಂಕುಗಳ ನಡುವಿನ ಸಾಲದ ದರವಾದ ಯೂರಿಬಾರ್‌ಗೆ ಕಟ್ಟಿಕೊಂಡ ಬದಲಾಗುವ ಬಡ್ಡಿಯವು. ಶೂನ್ಯಕ್ಕಿಂತ ಕೆಳಗಿದ್ದ ಹನ್ನೆರಡು ತಿಂಗಳ ದರ 2023ರಲ್ಲಿ ಶೇ 4 ದಾಟಿತು. ಹೊಸ ಮನೆ ಕಟ್ಟುವವರ ಸಂಖ್ಯೆ ದೇಶದಾದ್ಯಂತ ಕುಸಿಯಿತು.

ಮನೆ ಕೊಳ್ಳುವ ಕನ್ನಡಿಗರಿಗೆ

ಹೆಲ್ಸಿಂಕಿ, ಎಸ್ಪೊಗಳ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿದ್ದಾರೆ. ಇಂಥ ಊರಿನಲ್ಲಿ ಮನೆ ನೋಡುವ ಯೋಚನೆ ಅವರಿಗಿದ್ದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಅನುಮತಿ: 2020ರಿಂದ ಯುರೋಪಿಯನ್ ಒಕ್ಕೂಟ ಮತ್ತು ಯುರೋಪಿಯನ್ ಆರ್ಥಿಕ ಪ್ರದೇಶದ ಹೊರಗಿನ ಪ್ರಜೆಗಳು ಜಮೀನು ಸಹಿತ ಮನೆ ಕೊಳ್ಳಲು ಫಿನ್ಲೆಂಡಿನ ರಕ್ಷಣಾ ಸಚಿವಾಲಯದ ಅನುಮತಿ ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೂ ಇದು ಅನ್ವಯ. ಕಟ್ಟಡದ ಒಡೆತನವಿರುವ ಗೃಹ ಕಂಪನಿಯ ಷೇರುಗಳ ರೂಪದಲ್ಲಿ ಮಾರಾಟವಾಗುವ ಫ್ಲ್ಯಾಟು, ಸಾಲುಮನೆಗಳಿಗೆ ಈ ಅನುಮತಿ ಬೇಡ.

ತೆರಿಗೆ: 2023ರ ಅಕ್ಟೋಬರಿನಿಂದ ವರ್ಗಾವಣೆ ತೆರಿಗೆ ಜಮೀನು ಸಹಿತ ಮನೆಗೆ ಶೇ 3, ಷೇರು ರೂಪದ ಮನೆಗೆ ಶೇ 1.5. ಷೇರು ಕೊಳ್ಳುವವರು ಗೃಹ ಕಂಪನಿಯ ಮೇಲಿರುವ ಸಾಲವನ್ನೂ ನೋಡಬೇಕು. ಅದರಲ್ಲಿ ತಮ್ಮ ಪಾಲು ಎಷ್ಟೆಂದು ಕೇಳಿ ತಿಳಿಯಬೇಕು.

ಮನೆಯ ವಯಸ್ಸು: 1970, 80ರ ದಶಕದ ಕೆಲವು ಮನೆಗಳಲ್ಲಿ ಗೋಡೆಯ ಬುಡದ ಮರದ ತೊಲೆ ಹೊರಗಿನ ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಅಲ್ಲಿ ತೇವ ನಿಂತು ಮರ ಕೊಳೆಯುವ ಅಪಾಯವಿದೆ. ತಜ್ಞರ ತಪಾಸಣೆ ಇಲ್ಲದೆ ಮುಂಗಡ ಕೊಡಬೇಡಿ. ಜಮೀನು ಸಹಿತ ಮನೆಯಲ್ಲಿ ದೋಷ ಕಂಡರೆ ಮಾರಿದವರನ್ನು ಪ್ರಶ್ನಿಸಲು ಸಾಮಾನ್ಯವಾಗಿ ಐದು ವರ್ಷ ಅವಕಾಶವಿದೆ.

ನೀರು, ರಸ್ತೆ, ನಕ್ಷೆ: ಮನೆ ಪುರಸಭೆಯ ನೀರು ಮತ್ತು ಒಳಚರಂಡಿ ಜಾಲದಲ್ಲಿದೆಯೇ, ರಸ್ತೆ ಖಾಸಗಿಯೇ ಎಂದು ವಿಚಾರಿಸಿ. ಪಕ್ಕದ ಕಾಡಿಗೆ ಯಾವ ಯೋಜನೆ ಇದೆ ಎಂಬುದು ಪುರಸಭೆಯ ನಕ್ಷೆಯಲ್ಲಿ ಎಲ್ಲರಿಗೂ ನೋಡಲು ಸಿಗುತ್ತದೆ.

ಶಾಲೆ ಮತ್ತು ದಾರಿ: ಇಂಥ ಊರಿನ ಶಾಲೆಗಳಲ್ಲಿ ಪಾಠ ಹೆಚ್ಚಾಗಿ ಫಿನ್ನಿಷ್ ಭಾಷೆಯಲ್ಲಿ. ಇಂಗ್ಲಿಷ್ ಮಾಧ್ಯಮವೇ ಬೇಕಾದರೆ ರಾಜಧಾನಿ ಪ್ರದೇಶಕ್ಕೆ ದಿನವೂ ಓಡಾಡಬೇಕಾಗುತ್ತದೆ. ಕಚೇರಿಯ ದಾರಿಯನ್ನು ಫೆಬ್ರವರಿಯ ಹಿಮ ಬೀಳುವ ಬೆಳಗ್ಗೆ ಒಮ್ಮೆ ಕ್ರಮಿಸಿ ನೋಡಿ. ಮನೆಯ ಕಂತಿಗೆ ಎರಡನೇ ಕಾರಿನ ಖರ್ಚು ಸೇರಿಸಿ, ಆಮೇಲೆ ನಗರದ ಫ್ಲ್ಯಾಟಿನ ಜೊತೆ ಹೋಲಿಸಿ.

ಕ್ಲೌಕ್ಕಲಾದ ಕಥೆ ಒಂದು ಮಾತನ್ನು ಖಚಿತಪಡಿಸುತ್ತದೆ. ಜಮೀನು ಮೊದಲೇ ಸಾರ್ವಜನಿಕರ ಕೈಗೆ ಬಂದು, ಕೊಳವೆ ಮತ್ತು ಶಾಲೆ ಮನೆಗಳ ಜೊತೆಜೊತೆಗೇ ಬಂದರೆ ನೀರಿಗೆ, ಪಾಠಕ್ಕೆ ಪರದಾಡುವುದು ಕಡಿಮೆಯಾಗುತ್ತದೆ. ಕ್ಲೌಕ್ಕಲಾಗೆ ರೈಲು ಮಾತ್ರ ಆ ಸಾಲಿನಲ್ಲಿ ಬರಲಿಲ್ಲ. ಅದರ ಬೆಲೆಯನ್ನು ಅಲ್ಲಿನ ಮನೆಗಳು ಇಂದಿಗೂ ಪೆಟ್ರೋಲಿನಲ್ಲಿ, ಸಮಯದಲ್ಲಿ ತೆರುತ್ತಿವೆ. ನಗರದ ಹೊರಗೆ ಊರು ಕಟ್ಟುವವರು ಮನೆಗಿಂತ ಮೊದಲು ದಾರಿಯ ಬಗ್ಗೆ, ಕಾರಿಗಿಂತ ಮೊದಲು ಸಾರ್ವಜನಿಕ ಸಾರಿಗೆಯ ಬಗ್ಗೆ ತೀರ್ಮಾನಿಸಬೇಕು. ಮನೆಗಳು ಬಂದ ಮೇಲೆ ಆ ತೀರ್ಮಾನವನ್ನು ಬದಲಿಸುವುದು ಬಹಳ ದುಬಾರಿ.